‘ಯಾಕಂದ್ರ’ ಇಲ್ಲದ ಕಡೆ ಕಾರಣ ಹುಡುಕುವುದು

ಮೂರನೇ ತರಗತಿಯ ಬೋರ್ಡಿನ ಮೇಲೆ ಒಂದು ದಿನ ಎರಡು ವಾಕ್ಯ ಬರೆದೆ. ‘ರಾತ್ರಿ ಹಳ್ಳ ಬಂದಿತ್ತು. ಬೆಳಿಗ್ಗೆ ನೀಲವ್ವ ಶಾಲೆಗೆ ಬರಲಿಲ್ಲ.’ ಮಕ್ಕಳು ಒಂದಕ್ಷರವೂ ತಪ್ಪದಂತೆ ಓದಿದರು. ‘ನೀಲವ್ವ ಯಾಕೆ ಬರಲಿಲ್ಲ?’ ಎಂದು ಕೇಳಿದೆ. ಎಲ್ಲರೂ ಸುಮ್ಮನಾದರು. ಮುಂದೆ ಕೂತ ಹುಡುಗನೊಬ್ಬ ಬೋರ್ಡನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ‘ಅದರಾಗ ಬರದಿಲ್ರಿ ಸರ’ ಅಂದ.

ಅವನು ಹೇಳಿದ್ದು ಖರೆ. ಬರೆದಿರಲಿಲ್ಲ. ಆದರೆ ಅದೇ ಹುಡುಗ ಆವತ್ತು ಪ್ರಾರ್ಥನೆ ಮುಗಿದ ಮೇಲೆ ಓಡುತ್ತ ಬಂದು ನನಗೆ ಕೊಟ್ಟ ಸಮಜಾಯಿಷಿ ಕೇಳಿ: ‘ಕರಾ ಹಗ್ಗಾ ಬಿಚಗೊಂಡು ಹಾಲೆಲ್ಲಾ ಕುಡದಬಿಟ್ಟಿತ್ರಿ ಸರ. ಚಾಕ್ಕ ಹಾಲ ಇರಲಿಲ್ಲ. ಅವ್ವ ಅಂಗಡಿಗಿ ಕಳಿಸಿದ್ಲು.’ ಕರು ಬಿಚ್ಚಿಕೊಂಡದ್ದು, ಹಾಲು ಖಾಲಿಯಾದದ್ದು, ಚಹಾಕ್ಕೆ ಇಲ್ಲದ್ದು, ಅಂಗಡಿಗೆ ಹೋದದ್ದು, ತಡವಾದದ್ದು. ಐದು ಕೊಂಡಿಗಳ ಸರಪಳಿ. ಅದರಲ್ಲಿ ಒಂದು ‘ಏಕೆಂದರೆ’ ಇಲ್ಲ, ಒಂದು ‘ಆದ್ದರಿಂದ’ ಇಲ್ಲ. ಕೊನೆಯ ಕೊಂಡಿಯನ್ನಂತೂ ಅವನು ಬಾಯಿ ಬಿಟ್ಟು ಹೇಳಲೂ ಇಲ್ಲ, ನಾನೇ ತಿಳಿದುಕೊಳ್ಳಲಿ ಎಂದು ಬಿಟ್ಟುಬಿಟ್ಟ.

ಕಾರಣ ಕಟ್ಟುವ ಶಕ್ತಿ ಹುಡುಗನಲ್ಲಿ ಇದೆ. ಅದು ಬಾಯಲ್ಲಿದೆ, ಇನ್ನೂ ಕಣ್ಣಿಗೆ ಇಳಿದಿಲ್ಲ. ಓದಿನಲ್ಲಿ ಕಾರಣ–ಪರಿಣಾಮ ಕಲಿಸುವ ಕೆಲಸ ಬಹುತೇಕ ಇಷ್ಟೇ. ಆದರೆ ತರಗತಿಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಬೇರೆ. ‘ಏಕೆಂದರೆ’ ಎಂಬ ಪದದ ಕೆಳಗೆ ಗೆರೆ ಎಳೆಯಿರಿ, ಅದರ ಮುಂದಿರುವುದೇ ಕಾರಣ ಎನ್ನುತ್ತೇವೆ. ಮಕ್ಕಳು ಗೆರೆ ಎಳೆಯುವುದನ್ನು ಚೆನ್ನಾಗಿ ಕಲಿಯುತ್ತಾರೆ. ಆ ಪದ ಇಲ್ಲದ ಪಾಠ ಬಂದಾಗ, ‘ಅದರಾಗ ಬರದಿಲ್ರಿ’ ಎನ್ನುತ್ತಾರೆ.

ಇದಕ್ಕೆ ಇಷ್ಟು ಮಹತ್ವ ಏಕೆ? ಕಥೆ ನೆನಪಿನಲ್ಲಿ ಉಳಿಯುವುದೇ ಈ ಕೊಂಡಿಗಳ ಬಲದಿಂದ. ಟಾಮ್ ಟ್ರಬಾಸೊ ಮತ್ತು ಪಾಲ್ ವ್ಯಾನ್ ಡೆನ್ ಬ್ರೂಕ್ ಎಂಬ ಇಬ್ಬರು ಮನೋವಿಜ್ಞಾನಿಗಳು 1985ರಲ್ಲಿ ತೋರಿಸಿದ್ದು ಇದನ್ನೇ. ಕಥೆಯಲ್ಲಿ ಯಾವ ಘಟನೆಗೆ ಉಳಿದ ಘಟನೆಗಳ ಜೊತೆ ಹೆಚ್ಚು ಕಾರಣದ ಎಳೆಗಳಿವೆಯೋ ಅದೇ ಓದುಗರಿಗೆ ಹೆಚ್ಚು ನೆನಪಿರುತ್ತದೆ, ಅದೇ ಮುಖ್ಯ ಅನ್ನಿಸುತ್ತದೆ. ಎಳೆ ಇಲ್ಲದ ವಾಕ್ಯ ಉದುರಿಹೋಗುತ್ತದೆ. ಪಾಠ ಓದಿಸಿ, ಪುಸ್ತಕ ಮುಚ್ಚಿಸಿ, ಏನೇನಾಯಿತು ಹೇಳು ಎಂದರೆ ಕೆಲವು ಮಕ್ಕಳು ಮೊದಲ ವಾಕ್ಯ, ಕೊನೆಯ ವಾಕ್ಯ ಅಷ್ಟೇ ಹೇಳಿ ನಿಲ್ಲುತ್ತಾರೆ. ಅವರಿಗೆ ನೆನಪಿನ ಶಕ್ತಿ ಕಡಿಮೆ ಎಂದು ಬರೆದುಕೊಳ್ಳುವ ಮೊದಲು ನಡುವಿನ ಎಳೆ ಕಟ್ಟಿಕೊಂಡಿದ್ದರೋ ಇಲ್ಲವೋ ನೋಡಬೇಕು. 2021ರಲ್ಲಿ ಶುರುವಾದ ನಿಪುಣ್ ಭಾರತ್ ಯೋಜನೆ, ಮೂರನೇ ತರಗತಿ ಮುಗಿಯುವಷ್ಟರಲ್ಲಿ ಮಗು ಅರ್ಥ ತಿಳಿದು ಓದಬೇಕು ಎನ್ನುತ್ತದೆ. ಆ ‘ಅರ್ಥ ತಿಳಿದು’ ಎಂಬ ಎರಡು ಪದಗಳಲ್ಲಿ ದೊಡ್ಡ ಪಾಲು ಇದೇ.

ಕನ್ನಡ ಕಾರಣವನ್ನು ಎಲ್ಲಿ ಬಚ್ಚಿಡುತ್ತದೆ

ಬೇರೆ ಭಾಷೆಗಳ ಶಿಕ್ಷಕರಿಗಾಗಿ ತಯಾರಾದ ಚಟುವಟಿಕೆಗಳನ್ನು ಹಾಗೇ ತಂದರೆ ನಮ್ಮಲ್ಲಿ ಸರಿಹೊಂದುವುದಿಲ್ಲ. ಕನ್ನಡದಲ್ಲಿ ಕಾರಣ ಬಿಡಿ ಪದವಾಗಿ ಬರುವುದಕ್ಕಿಂತ ಪದದ ಬಾಲಕ್ಕೆ ಅಂಟಿಕೊಂಡು ಬರುವುದೇ ಹೆಚ್ಚು.

ಈ ಎರಡು ವಾಕ್ಯ ನೋಡಿ. ‘ಮಾಮಾ ಬಂದು ಊಟ ಮಾಡಿದ.’ ‘ಮಳೆ ಬಂದು ಗೋಡೆ ಬಿತ್ತು.’ ಎರಡರಲ್ಲೂ ಅದೇ ‘ಬಂದು’. ಮೊದಲನೆಯದರಲ್ಲಿ ಒಂದಾದ ಮೇಲೆ ಒಂದು ನಡೆಯಿತು, ಅಷ್ಟೇ. ಎರಡನೆಯದರಲ್ಲಿ ಮಳೆಯೇ ಗೋಡೆಯನ್ನು ಕೆಡವಿದೆ. ವ್ಯಾಕರಣ ಎರಡಕ್ಕೂ ಒಂದೇ ರೂಪ ಕೊಟ್ಟಿದೆ. ವ್ಯತ್ಯಾಸ ಹೇಳುವುದು ಮಣ್ಣಿನ ಗೋಡೆ ಕಂಡವನ ಅನುಭವ. ನನ್ನ ಮಟ್ಟಿಗೆ ಕನ್ನಡ ಓದಿನ ಅತಿ ಸೂಕ್ಷ್ಮ ಜಾಗ ಇದು, ಮತ್ತು ಇದನ್ನು ತರಗತಿಯಲ್ಲಿ ಯಾರೂ ನಿಂತು ತೋರಿಸುವುದಿಲ್ಲ. ‘ಬಿದ್ದು ಮೊಣಕಾಲು ಕೆತ್ತಿತು’, ‘ಅತ್ತು ಕಣ್ಣು ಕೆಂಪಾಯಿತು’, ‘ತಿಂದು ಕೈ ತೊಳೆದ’ ಎಂದು ಹತ್ತು ವಾಕ್ಯ ಬರೆದು, ಯಾವುದರಲ್ಲಿ ಮೊದಲನೆಯದು ಎರಡನೆಯದನ್ನು ಮಾಡಿಸಿತು, ಯಾವುದರಲ್ಲಿ ಬರೀ ಮುಂಚೆ ನಡೆಯಿತು ಎಂದು ಬೇರೆ ಮಾಡಿಸಿ. ಹದಿನೈದು ನಿಮಿಷದ ಆಟ. ಮಕ್ಕಳು ಜಗಳವಾಡುತ್ತಾರೆ, ಆಡಲಿ.

ವಿಭಕ್ತಿಗಳೂ ಹೀಗೆಯೇ. ‘ತೃತೀಯಾ ಇಂದ, ಚತುರ್ಥಿ ಗೆ ಕ್ಕೆ’ ಎಂದು ನಾವೆಲ್ಲ ಬಾಯಿಪಾಠ ಮಾಡಿದವರು. ಆದರೆ ‘ಇಂಡಿಯಿಂದ ಬಂದ’ ಎಂಬಲ್ಲಿ ಇಂದ ಎನ್ನುವುದು ಹೊರಟ ಊರು, ‘ಕುಡಗೋಲಿನಿಂದ ಕೊಯ್ದ’ ಎಂಬಲ್ಲಿ ಕೈಯಲ್ಲಿನ ಉಪಕರಣ, ‘ಜ್ವರದಿಂದ ಮಲಗಿದ’ ಎಂಬಲ್ಲಿ ಕಾರಣ. ‘ಸಂತೆಗೆ ಹೋದ’ ಎಂದರೆ ಜಾಗ, ‘ಹತ್ತು ಗಂಟೆಗೆ ಬಂದ’ ಎಂದರೆ ಹೊತ್ತು, ‘ಬಿಸಿಲಿಗೆ ಬಾಡಿತು’ ಎಂದರೆ ಮತ್ತೆ ಕಾರಣ. ‘ಯಾಕೆ?’ ಎಂಬ ಪ್ರಶ್ನೆಗೆ ಯಾವುದು ಉತ್ತರವಾಗುತ್ತದೆ ಎಂದು ಕೇಳಿದರೆ ಸಾಕು, ಮೂರನೇ ತರಗತಿಯ ಮಗುವೂ ಬಿಡಿಸುತ್ತದೆ. ವಿಭಕ್ತಿಯ ಹೆಸರು ಆಮೇಲೆ ಕಲಿತರಾಯಿತು.

ಎಲ್ಲಕ್ಕಿಂತ ಕಷ್ಟದ್ದು ಒಂದು ದೀರ್ಘ ಸ್ವರದಲ್ಲಿ ಕೂತಿದೆ. ‘ಮಳೆ ಬಂದರೆ ಬಿತ್ತುತ್ತಾರೆ.’ ‘ಮಳೆ ಬಂದರೂ ಬಿತ್ತಲಿಲ್ಲ.’ ರೆ ಇದ್ದದ್ದು ರೂ ಆಯಿತು, ಕಾರಣದ ಎಳೆಯೇ ತುಂಡಾಯಿತು. ‘ಬಂದರೂ’ ಎಂದಾಗ ಓದುಗ ಮನಸ್ಸಿನಲ್ಲಿ ಎರಡು ಕೆಲಸ ಮಾಡಬೇಕು. ಮಳೆ ಬಂದರೆ ಬಿತ್ತಬೇಕಿತ್ತು ಎಂದು ಮೊದಲು ಊಹಿಸಬೇಕು, ಆಮೇಲೆ ಅದು ನಡೆಯಲಿಲ್ಲ ಎಂದು ಒಪ್ಪಿ, ಹಾಗಾದರೆ ಬೇರೇನೋ ಅಡ್ಡ ಬಂದಿರಬೇಕು ಎಂದು ಹುಡುಕಲು ಹೊರಡಬೇಕು. ಬೀಜ ಸಿಗಲಿಲ್ಲವೇ? ಎತ್ತು ಇರಲಿಲ್ಲವೇ? ಎರೆ ಹೊಲ ಹಸಿ ಆರದೆ ಕಾಲಿಡಲು ಬರಲಿಲ್ಲವೇ? ‘ರೂ’ ಕಂಡಲ್ಲೆಲ್ಲ ಓದು ನಿಲ್ಲಿಸಿ ‘ಹಂಗಾದ್ರ ಮತ್ಯಾಕ?’ ಎಂದು ಕೇಳುವ ರೂಢಿ ಬೆಳೆಸಿದರೆ ಅರ್ಧ ಯುದ್ಧ ಗೆದ್ದಂತೆ.

ಇನ್ನು ಪುಸ್ತಕದ ಪದಗಳು. ಆದ್ದರಿಂದ, ಪರಿಣಾಮವಾಗಿ, ನಿಮಿತ್ತ, ಏಕೆಂದರೆ. ನಮ್ಮ ಕಡೆಯ ಮನೆಗಳಲ್ಲಿ ಇವನ್ನು ಯಾರೂ ಆಡುವುದಿಲ್ಲ. ‘ಅದಕ್ಕ’, ‘ಹಿಂಗಾಗಿ’, ‘ಯಾಕಂದ್ರ’, ‘ಸಲುವಾಗಿ’ ಎನ್ನುತ್ತೇವೆ. ಗೋಡೆಗೆ ಒಂದು ಹಾಳೆ ಅಂಟಿಸಿ, ಒಂದು ಕಡೆ ಮನೆಯ ಮಾತು, ಪಕ್ಕದಲ್ಲಿ ಪುಸ್ತಕದ ಮಾತು ಬರೆದಿಡಬಹುದು. ಮನೆಮಾತನ್ನು ಬೋರ್ಡಿನ ಮೇಲೆ ಬರೆಯಲು ಕೆಲವು ಶಿಕ್ಷಕರಿಗೆ ಸಂಕೋಚ. ನನಗಿಲ್ಲ. ‘ಅದಕ್ಕ’ ಗೊತ್ತಿರುವ ಮಗುವಿಗೆ ‘ಆದ್ದರಿಂದ’ ಹೊಸ ಅಂಗಿ ತೊಟ್ಟ ಹಳೇ ಗೆಳೆಯ.

ಪತ್ರಿಕೆಯ ತಲೆಬರಹಗಳನ್ನೂ ಮರೆಯಬೇಡಿ. ‘ಭಾರಿ ಮಳೆ: ಸೇತುವೆ ಮುಳುಗಡೆ’. ಅಲ್ಲಿ ಕಾರಣ ಹೇಳುತ್ತಿರುವುದು ಎರಡು ಚುಕ್ಕಿ! ಹಳೆಯ ಪತ್ರಿಕೆ ಕತ್ತರಿಸಿ ತಂದು, ಎರಡು ಚುಕ್ಕಿಯ ಜಾಗದಲ್ಲಿ ‘ಅದಕ್ಕ’ ಇಟ್ಟು ಓದಿಸಿದರೆ ಮಕ್ಕಳಿಗೆ ಗುಟ್ಟು ಸಿಕ್ಕ ಖುಷಿ. ಎಲ್ಲ ತಲೆಬರಹಕ್ಕೂ ಇದು ಹೊಂದುವುದಿಲ್ಲ, ಹೊಂದದವು ಯಾವುವು ಎಂದು ಹುಡುಕುವುದು ಇನ್ನೊಂದು ಆಟ.

ತಲೆಕೆಳಗಾದ ಸೈಕಲ್

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ 1920ರ ದಶಕದಲ್ಲಿ ಮಕ್ಕಳಿಗೆ ಅರ್ಧ ವಾಕ್ಯ ಕೊಟ್ಟು ಪೂರ್ತಿ ಮಾಡಿಸುತ್ತಿದ್ದ. ‘ಆ ಮನುಷ್ಯ ಸೈಕಲ್ಲಿನಿಂದ ಬಿದ್ದ, ಏಕೆಂದರೆ…’ ಎಂದರೆ ಮಗು ‘ಅವನ ಕೈ ಮುರಿಯಿತು’ ಎನ್ನುತ್ತಿತ್ತು. ಪರಿಣಾಮವನ್ನು ಕಾರಣದ ಜಾಗದಲ್ಲಿ ಕೂರಿಸುವುದು. ಸಣ್ಣ ಮಕ್ಕಳಿಗೆ ಕಾರಣದ ತರ್ಕವೇ ಇನ್ನೂ ಕೂತಿಲ್ಲ ಎಂಬ ಕಡೆಗೆ ಅವನ ಒಲವು. ಆಮೇಲಿನ ಸಂಶೋಧಕರು ಇದನ್ನು ಅಷ್ಟು ಒಪ್ಪಲಿಲ್ಲ, ವಿಷಯ ಪರಿಚಿತವಾಗಿದ್ದರೆ ಇನ್ನೂ ಚಿಕ್ಕವರೂ ಸರಿಯಾಗಿ ಹೇಳುತ್ತಾರೆ ಎಂದರು. ಕರುವಿನ ಕಥೆ ಹೇಳಿದ ಹುಡುಗ ಎರಡನೆಯವರ ಪಕ್ಷ.

ನಮ್ಮ ತರಗತಿಗಳಲ್ಲಿ ಈ ಸೈಕಲ್ ಇನ್ನೂ ಬೀಳುತ್ತಲೇ ಇದೆ, ಮತ್ತು ಅದಕ್ಕೆ ಕನ್ನಡದ್ದೇ ಒಂದು ಕಾರಣವಿದೆ. ನಮ್ಮ ವಾಕ್ಯದಲ್ಲಿ ಕಾರಣ ಸಹಜವಾಗಿ ಮೊದಲು ಬರುತ್ತದೆ: ‘ಹಳ್ಳ ಬಂದದ್ದರಿಂದ ಬಸ್ ಬರಲಿಲ್ಲ.’ ‘ಏಕೆಂದರೆ’ ಬಂದೊಡನೆ ಸಾಲು ಹಿಂದುಮುಂದಾಗುತ್ತದೆ: ‘ಬಸ್ ಬರಲಿಲ್ಲ, ಏಕೆಂದರೆ ಹಳ್ಳ ಬಂದಿತ್ತು.’ ಮೊದಲು ಓದಿದ್ದೇ ಮೊದಲು ನಡೆದದ್ದು ಎಂದು ನಂಬುವ ಮಗು ಇಲ್ಲಿ ಮುಗ್ಗರಿಸುತ್ತದೆ. ಮದ್ದು ಸರಳ. ಎರಡು ಚೀಟಿ ಮಾಡಿ, ಒಂದರ ಮೇಲೆ ‘ಹಳ್ಳ ಬಂತು’, ಇನ್ನೊಂದರ ಮೇಲೆ ‘ಬಸ್ ಬರಲಿಲ್ಲ’. ನಡುವೆ ‘ಅದಕ್ಕ’ ಎಂಬ ಚೀಟಿ. ಎರಡೂ ರೀತಿ ಇಟ್ಟು ಜೋರಾಗಿ ಓದಲಿ. ‘ಬಸ್ ಬರಲಿಲ್ಲ, ಅದಕ್ಕ ಹಳ್ಳ ಬಂತು’ ಎಂದು ಓದಿದೊಡನೆ ತರಗತಿ ನಗುತ್ತದೆ. ಆ ನಗುವೇ ಮೌಲ್ಯಮಾಪನ.

ಅಜ್ಜಿಯ ಕೋಳಿ

ಹಿಂದೆ ನಡೆದದ್ದೆಲ್ಲ ಕಾರಣವಲ್ಲ ಎಂದು ಕಲಿಸಲು ನಮಗೆ ಪರದೇಶದ ಉದಾಹರಣೆ ಬೇಡ. ತನ್ನ ಕೋಳಿ ಕೂಗುವುದಕ್ಕೇ ಊರಿಗೆ ಬೆಳಗಾಗುತ್ತದೆ ಎಂದು ಮುನಿಸಿಕೊಂಡು ಕೋಳಿ ಎತ್ತಿಕೊಂಡು ಊರು ಬಿಟ್ಟ ಅಜ್ಜಿ ಇದ್ದಾಳೆ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಯಿತು ಎಂಬ ಮಾತಿದೆ. ಅಜ್ಜಿ ಹೋದ ಮರುದಿನ ಊರಲ್ಲಿ ಏನಾಯಿತು ಎಂದು ಕೇಳಿದರೆ ಮಕ್ಕಳೇ ಪರೀಕ್ಷೆಯನ್ನು ಕಂಡುಹಿಡಿಯುತ್ತಾರೆ: ಅದು ಇಲ್ಲದಿದ್ದರೂ ಇದು ಆಗುತ್ತಿತ್ತೇ? ಆಗುತ್ತಿದ್ದರೆ ಅದು ಕಾರಣವಲ್ಲ.

ಈ ಪರೀಕ್ಷೆ ತೊಂಬತ್ತು ಪಾಲು ಕೆಲಸ ಮಾಡುತ್ತದೆ. ಕೆಡುವುದು ಒಂದು ಪರಿಣಾಮಕ್ಕೆ ಕಾರಣಗಳು ಹಲವಾದಾಗ. ಹಳ್ಳದಿಂದ ಬಸ್ ತಪ್ಪಿತು, ಸಾಲದ್ದಕ್ಕೆ ನೀಲವ್ವನಿಗೆ ಜ್ವರವೂ ಇತ್ತು ಎನ್ನಿ. ಹಳ್ಳ ಬರದಿದ್ದರೂ ಅವಳು ಬರುತ್ತಿರಲಿಲ್ಲ. ಐದನೇ ತರಗತಿಯಲ್ಲಿ ಇದನ್ನು ಬೇಕೆಂದೇ ತಂದು ಮಕ್ಕಳನ್ನು ಗೊಂದಲಕ್ಕೆ ಕೆಡವಬಹುದು. ಮೂರನೆಯದರಲ್ಲಿ ಬೇಡ.

ಮಳೆ ಬೇಡುವ ಆಚರಣೆಯಾದ ಗುರ್ಜಿಯ ವಿಷಯದಲ್ಲಿ ಮಾತ್ರ ನಾಲಿಗೆ ಹಿಡಿತದಲ್ಲಿರಲಿ. ಮಳೆ ಕೈಕೊಟ್ಟ ವರ್ಷ ನಮ್ಮ ಊರುಗಳಲ್ಲಿ ಗುರ್ಜಿ ಹೊತ್ತು ಮನೆಮನೆಗೆ ಹೋಗುತ್ತಾರೆ, ಮನೆಯವರು ನೀರು ಸುರಿಯುತ್ತಾರೆ. ‘ಮಳೆ ಬರಲಿ ಎಂದು ಗುರ್ಜಿ ಆಡಿದರು’ ಎನ್ನುವುದು ಉದ್ದೇಶ. ‘ಮಳೆ ಬಾರದ್ದಕ್ಕೆ ಗುರ್ಜಿ ಆಡಿದರು’ ಎನ್ನುವುದು ಕಾರಣ. ‘ಗುರ್ಜಿ ಆಡಿದ್ದಕ್ಕೆ ಮಳೆ ಬಂತು’ ಎನ್ನುವುದು ನಂಬಿಕೆ. ಮೂರೂ ವಾಕ್ಯ ಒಂದೇ ಘಟನೆಯ ಸುತ್ತ ತಿರುಗುತ್ತವೆ. ಮೊದಲ ಎರಡನ್ನು ಪಾಠದಿಂದ ತೋರಿಸಬಹುದು. ಮೂರನೆಯದು ಅಜ್ಜಿಯ ಕೋಳಿಯೋ ಅಲ್ಲವೋ ಎಂದು ತೀರ್ಪು ಕೊಡುವ ಕೆಲಸ ಓದಿನ ತರಗತಿಯದಲ್ಲ. ‘ಯಾರು ಹಾಗೆ ಅಂದರು?’ ಎಂದು ಕೇಳಿ ಬಿಡಿ. ಆ ಪ್ರಶ್ನೆ ಅವರ ಜೊತೆ ಬೆಳೆಯಲಿ.

ವಿಜಯಪುರದವರಿಗೆ ಈ ಪ್ರಶ್ನೆ ಅಭ್ಯಾಸ ಮಾಡಲು ಬಾರಾಕಮಾನ್ ಇದೆ. ಎರಡನೇ ಅಲಿ ಆದಿಲ್ ಶಾಹನ ಸಮಾಧಿ, ಛಾವಣಿಯಿಲ್ಲದೆ ಕಮಾನುಗಳಷ್ಟೇ ನಿಂತಿವೆ. ಏಕೆ ಅರ್ಧಕ್ಕೆ ನಿಂತಿತು? ಅದರ ನೆರಳು ಗೋಳಗುಮ್ಮಟದ ಮೇಲೆ ಬೀಳುತ್ತದೆಂದು ನಿಲ್ಲಿಸಿದರು ಎಂದು ಜನ ಹೇಳುತ್ತಾರೆ. ಸುಲ್ತಾನ 1672ರಲ್ಲಿ ತೀರಿಕೊಂಡ, ರಾಜ್ಯ ಆಗಲೇ ಮರಾಠರ, ಮೊಘಲರ ಒತ್ತಡದಲ್ಲಿತ್ತು ಎಂದು ಇತಿಹಾಸ ಹೇಳುತ್ತದೆ. ಪ್ರವಾಸ ಹೋದಾಗ ಎರಡರ ನಡುವಿನ ದೂರವನ್ನು ಮಕ್ಕಳಿಂದ ನಡೆಸಿದೆ. ಇಷ್ಟು ದೂರ ನೆರಳು ಮುಟ್ಟೀತೇ ಎಂದೆ. ‘ಸಂಜಿ ಮುಂದ ನೆಳ್ಳು ಉದ್ದ ಆಗತದಲ್ರಿ ಸರ’ ಎಂದಳು ಒಬ್ಬಳು. ನನ್ನ ಹತ್ತಿರ ತಯಾರಿದ್ದ ಉತ್ತರ ಅಲ್ಲೇ ಬಿತ್ತು. ಸಂಜೆವರೆಗೆ ನಿಂತು ನೋಡುವಷ್ಟು ಹೊತ್ತಿರಲಿಲ್ಲ, ಬಸ್ ಕಾಯುತ್ತಿತ್ತು.

ಹೊಳೆಯ ಹಿಂದೆ ಹೋಗುವುದು

ಸರಪಳಿ ಕಲಿಸಲು ಕೃಷ್ಣೆಗಿಂತ ಒಳ್ಳೆಯ ಪಾಠವಿಲ್ಲ. ಚಿಕ್ಕೋಡಿ ಕಡೆಯ ಮಕ್ಕಳಿಗೆ ಗೊತ್ತು, ಊರಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಹೊಳೆ ಬರುತ್ತದೆ. ಕಲ್ಲೋಳ–ಯಡೂರ ಸೇತುವೆ ಮುಳುಗುತ್ತದೆ, ಆಚೆ ಊರಿನ ಮಕ್ಕಳ ಶಾಲೆ ತಪ್ಪುತ್ತದೆ. ಯಾಕೆ? ಹೊಳೆ ತುಂಬಿದೆ. ಹೊಳೆ ಯಾಕೆ ತುಂಬಿತು? ಮಹಾರಾಷ್ಟ್ರದ ಘಟ್ಟದಲ್ಲಿ, ಮಹಾಬಳೇಶ್ವರ, ಕೊಯ್ನಾ ಕಡೆ ಮಳೆ ಸುರಿದಿದೆ. ಅಲ್ಲೇ ಯಾಕೆ? ಅರಬ್ಬಿ ಸಮುದ್ರದ ಮೋಡ ಸಹ್ಯಾದ್ರಿಗೆ ತಾಗಿ ಮೇಲೇರಿ ತಣಿಯುತ್ತದೆ. ಘಟ್ಟ ದಾಟುವಷ್ಟರಲ್ಲಿ ಮೋಡ ಬರಿದಾಗಿರುತ್ತದೆ, ಅದಕ್ಕೇ ಘಟ್ಟದ ಅಂಚಿನ ಖಾನಾಪುರ ನೆನೆಯುತ್ತದೆ, ವಿಜಯಪುರ ಒಣಗುತ್ತದೆ. ಒಂದೇ ಮೋಡದ ಎರಡು ಪರಿಣಾಮ.

ಹಿಂದಕ್ಕೆ ಹೋಗಲು ‘ಯಾಕ?’, ಮುಂದಕ್ಕೆ ಹೋಗಲು ‘ಮುಂದೇನಾತು?’. ನೆಲದ ಮೇಲೆ ಹಗ್ಗ ಚಾಚಿ, ಚೀಟಿ ಹಿಡಿದ ಮಕ್ಕಳನ್ನು ಅದರ ಉದ್ದಕ್ಕೂ ನಿಲ್ಲಿಸಿ. ಒಬ್ಬ ಮಳೆ, ಒಬ್ಬಳು ಕೊಯ್ನಾ, ಒಬ್ಬ ಸೇತುವೆ. ನಡುವಿನವನನ್ನು ಕೂರಿಸಿದರೆ ಸರಪಳಿ ಎಲ್ಲಿ ತುಂಡಾಯಿತು ಎಂದು ಕಣ್ಣಿಗೇ ಕಾಣುತ್ತದೆ. ಬಾಗಲಕೋಟೆಯ ಮಕ್ಕಳಾದರೆ ಹಗ್ಗ ಒಂದು ಕಡೆ ಕವಲೊಡೆಯಬೇಕು. ಆಲಮಟ್ಟಿ ಅಣೆಕಟ್ಟು ಎಂಬ ಒಂದೇ ಕಾರಣದಿಂದ ಹಳೆಯ ಬಾಗಲಕೋಟೆಯ ಭಾಗಗಳು ಹಿನ್ನೀರಿಗೆ ಹೋದವು, ನವನಗರ ಎದ್ದಿತು, ಒಣ ಹೊಲಗಳಿಗೆ ಕಾಲುವೆ ಬಂತು. ಒಂದೇ ನೀರು ಒಬ್ಬರ ಮನೆಯನ್ನು ತೆಗೆದುಕೊಂಡು ಇನ್ನೊಬ್ಬರ ಕಬ್ಬನ್ನು ಬೆಳೆಸಿತು. ಮನೆಗೆ ಹೋಗಿ ಅಜ್ಜ ಅಜ್ಜಿಯನ್ನು ಕೇಳಿ ಬನ್ನಿ ಎಂದರೆ ಮರುದಿನ ಹಗ್ಗ ಸಾಲುವುದಿಲ್ಲ.

‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಎಂಬ ಗಾದೆಯೂ ಅಡಕಿಸಿಟ್ಟ ಸರಪಳಿಯೇ. ಡೋಣಿ ಹೊಳೆಯ ದಂಡೆಯ ಎರೆಮಣ್ಣು ಹಸಿ ಹಿಡಿದಿಟ್ಟುಕೊಳ್ಳುತ್ತದೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳ ಆಮೇಲೆ ಮಳೆ ಬಾರದಿದ್ದರೂ ಆ ಹಸಿಯ ಮೇಲೇ ಬೆಳೆಯುತ್ತದೆ. ಗಾದೆಯಲ್ಲಿ ಇದಾವುದೂ ಇಲ್ಲ, ಎರಡು ತುದಿಗಳು ಮಾತ್ರ ಇವೆ. ನಡುವಿನ ಕೊಂಡಿಗಳನ್ನು ಮಕ್ಕಳೇ ತುಂಬಲಿ. ತಾಳಿಕೋಟೆ ಕಡೆಯವರು ಈಗ ಡೋಣಿಯಲ್ಲಿ ಹೂಳು ತುಂಬಿದೆ, ಹೊಳೆ ಬಂದರೆ ಬೆಳೆಯೇ ಹೋಗುತ್ತದೆ ಎಂದು ತಕರಾರು ಎತ್ತುತ್ತಾರೆ. ಎತ್ತಲಿ. ಹಳೆಯ ಕಾರಣಕ್ಕೆ ಹೊಸ ಪರಿಣಾಮ ಬಂದದ್ದನ್ನು ಗುರುತಿಸಿದ ಮಗು ಪಠ್ಯಪುಸ್ತಕವನ್ನು ದಾಟಿಹೋಗಿದೆ.

ತರಗತಿವಾರು ಹೇಳುವುದಾದರೆ ಒಂದು, ಎರಡರಲ್ಲಿ ಬಾಯಿಮಾತೇ ಸಾಕು. ನಲಿಕಲಿ ತರಗತಿಯಲ್ಲಿ ಬೇರೆ ಬೇರೆ ಮಟ್ಟದ ಮಕ್ಕಳು ಒಟ್ಟಿಗೆ ಕೂರುವುದರಿಂದ ದೊಡ್ಡವರು ‘ಮುಂದೇನಾತು?’ ಕೇಳಲಿ, ಸಣ್ಣವರು ಹೇಳಲಿ. ಮೂರರಲ್ಲಿ ಚೀಟಿ, ‘ಅದಕ್ಕ’, ಬಂದು–ಬಿದ್ದು ಆಟ. ನಾಲ್ಕು, ಐದರಲ್ಲಿ ಸರಪಳಿ ಮತ್ತು ಪರಿಸರ ಅಧ್ಯಯನದ ಪಾಠಗಳು.

ಕೊನೆಗೆ ಒಂದು ಪಾಠ ನಾನೇ ಬರೆದೆ. ‘ಫೆಬ್ರುವರಿಯಲ್ಲಿ ದ್ರಾಕ್ಷಿ ಕೊಯ್ದು ಶೆಡ್ಡಿನಲ್ಲಿ ಹರಡಿದರು. ಮೂರನೇ ದಿನ ಮೋಡ ಕವಿಯಿತು. ಅಪ್ಪ ರಾತ್ರಿ ನಿದ್ದೆ ಮಾಡಲಿಲ್ಲ. ಈ ವರ್ಷ ಸಾತವ್ವನಿಗೆ ಹೊಸ ಸೈಕಲ್ ಬರಲಿಲ್ಲ.’ ಸೈಕಲ್ ಯಾಕೆ ಬರಲಿಲ್ಲ? ತಿಕೋಟಾ ಕಡೆಯ ನನ್ನ ಮಕ್ಕಳು ಉಸಿರು ಬಿಡದೆ ಹೇಳಿದರು: ಮೋಡ ಬಂದರೆ ದ್ರಾಕ್ಷಿ ತಡವಾಗಿ ಒಣಗುತ್ತದೆ, ಬಣ್ಣ ಕಪ್ಪಾಗುತ್ತದೆ, ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ರೇಟು ಸಿಗುವುದಿಲ್ಲ. ಪಾಠದಲ್ಲಿ ಬರೆದಿಲ್ಲ ಎಂದು ಯಾರೂ ಅನ್ನಲಿಲ್ಲ. ನನಗೆ ಹೆಮ್ಮೆಯಾಯಿತು.

ಅದನ್ನೇ ಖಾನಾಪುರ ಕಡೆ ಕಲಿಸುವ ಗೆಳೆಯನಿಗೆ ಕಳಿಸಿದೆ. ಅವನ ಮಕ್ಕಳು ಓದುವುದರಲ್ಲಿ ನಮ್ಮವರಿಗಿಂತ ಮುಂದು. ಅಪ್ಪ ಯಾಕೆ ನಿದ್ದೆ ಮಾಡಲಿಲ್ಲ ಎಂದದ್ದಕ್ಕೆ ‘ಸೊಳ್ಳಿ ಕಡದಿರಬೇಕ್ರಿ’ ಎಂದರಂತೆ. ಅವನು ಸುಮ್ಮನಿರಲಿಲ್ಲ, ತನ್ನದೊಂದು ಪಾಠ ಬರೆದು ಕಳಿಸಿದ: ‘ಜುಲೈನಲ್ಲಿ ಎಂಟು ದಿನ ಮಳೆ ಬರಲಿಲ್ಲ. ಭತ್ತದ ಸಸಿ ಮಡಿಯಲ್ಲೇ ಉಳಿಯಿತು. ದೊಡ್ಡಪ್ಪ ಯಾರ ಜೊತೆಗೂ ಮಾತಾಡಲಿಲ್ಲ.’ ದೊಡ್ಡಪ್ಪ ಯಾಕೆ ಮಾತಾಡಲಿಲ್ಲ ಎಂದು ನನ್ನ ತರಗತಿಯಲ್ಲಿ ಕೇಳಿದೆ. ನಾಟಿ ಮಾಡುವ ಗದ್ದೆಯಲ್ಲಿ ನೀರು ನಿಂತಿರಬೇಕು ಎಂದು ಅವರ್ಯಾರೂ ಕಂಡವರಲ್ಲ. ಕರುವಿನ ಕಥೆ ಹೇಳಿದ ಹುಡುಗ ಎದ್ದು ನಿಂತ.

‘ಎಂಟ ದಿನಾ ಬರಲಿಲ್ಲಂದ್ರ ಏನಾತ್ರಿ ಸರ? ನಮ್ಮಲ್ಲಿ ತಿಂಗಳಗಟ್ಟಲೆ ಬರೂದಿಲ್ಲ, ನಮ್ಮ ದೊಡ್ಡಪ್ಪ ಮಾತಾಡತಾನ್ರಿ.’